ರಯ್ಯಿಸ್ ದರ್ದೀರಿಯ ಊಟದ ಕರೆ

ನೈಲ್ ನದಿಯ ಮೇಲೆ ದೋಣಿ ನಡೆಸುವವನು ಊಟಕ್ಕೆ ಕೂತನೆಂದರೆ ದಡದಲ್ಲಿ ಕಂಡವರನ್ನೆಲ್ಲ ಕರೆಯಬೇಕು. ಕರೆಯದಿದ್ದರೆ ಅವನು ಮನುಷ್ಯನೇ ಅಲ್ಲ. ದಡದಲ್ಲಿರುವವನು ಎದೆಯ ಮೇಲೆ ಕೈಯಿಟ್ಟು "ನಿಮ್ಮ ಹೊಟ್ಟೆ ತಣ್ಣಗಿರಲಿ" ಎಂದು ಹೇಳಿ ತನ್ನ ಪಾಡಿಗೆ ಎಮ್ಮೆ ಮೈ ತೊಳೆಯಬೇಕು. ಇಬ್ಬರ ನಡುವೆ ನೀರಿರುತ್ತದೆ, ಹಾಯಿಯಲ್ಲಿ ಗಾಳಿಯಿರುತ್ತದೆ. ಹಾಗಾಗಿ ಕರೆದವನ ರೊಟ್ಟಿಯೂ ಉಳಿಯುತ್ತದೆ, ಮರ್ಯಾದೆಯೂ ಉಳಿಯುತ್ತದೆ. ರಯ್ಯಿಸ್ ದರ್ದೀರಿ, ಅಂದರೆ ದೋಣಿಯ ಚುಕ್ಕಾಣಿ ಹಿಡಿಯುವ ಹಿರಿಯ ದರ್ದೀರಿ, ತನ್ನ ಆಯುಷ್ಯದಲ್ಲಿ ಎಸ್ನಾದಿಂದ ಅಸ್ವಾನಿನವರೆಗೆ ಎರಡೂ ದಡದ ಜನರನ್ನು, ಅವರ ಮಕ್ಕಳನ್ನು, ಆ ಮಕ್ಕಳ ಮಕ್ಕಳನ್ನು ಊಟಕ್ಕೆ ಕರೆದಿದ್ದ. ಒಬ್ಬನೂ ಬಂದಿರಲಿಲ್ಲ. ಇಷ್ಟು ಜನಕ್ಕೆ ಒಂದು ತುತ್ತೂ ಹಾಕದೆ ಇಷ್ಟು ದೊಡ್ಡ ಉದಾರಿ ಎನಿಸಿಕೊಂಡವನು ಆ ಸೀಮೆಯಲ್ಲಿ ಇನ್ನೊಬ್ಬನಿರಲಿಲ್ಲ.

ಅವನಿಗಿದ್ದದ್ದು ಒಂದೇ ತೊಂದರೆ. ಕಣ್ಣು ಕಾಣುತ್ತಿರಲಿಲ್ಲ.

ಪೂರ್ತಿ ಕಾಣುತ್ತಿರಲಿಲ್ಲವೆಂದಲ್ಲ. ಗುಡ್ಡ ಕಾಣುತ್ತಿತ್ತು, ಖರ್ಜೂರದ ತೋಪು ಕಾಣುತ್ತಿತ್ತು, ಹಳೆಯ ಗುಡಿಗಳ ದೊಡ್ಡ ಗೋಡೆಗಳು ಕಾಣುತ್ತಿದ್ದವು. ಆದರೆ ಮನುಷ್ಯರ ಮುಖವೆಲ್ಲ ನಾದಿಟ್ಟ ಹಿಟ್ಟಿನ ಉಂಡೆಯ ಹಾಗೆ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಾಗಿದ್ದೂ ಅವನು ದೋಣಿ ನಡೆಸುತ್ತಿದ್ದುದು ಕಿವಿಯಿಂದ ಮತ್ತು ಮೂಗಿನಿಂದ. ಮರಳುದಿಣ್ಣೆಯ ಮೇಲೆ ನೀರು ಹೇಗೆ ಗೊಣಗುತ್ತದೆಂದು ಅವನಿಗೆ ಗೊತ್ತಿತ್ತು. ಯಾವ ಊರಿನ ಪಂಪು ಯಾವ ದನಿಯಲ್ಲಿ ಕೆಮ್ಮುತ್ತದೆಂದು ಗೊತ್ತಿತ್ತು. ಅಸ್ವಾನಿನ ಕಣ್ಣಾಸ್ಪತ್ರೆಗೆ ಹೋಗೆಂದು ಹೆಂಡತಿ ರತೀಬಾ ಹೇಳಿ ಹೇಳಿ ಸೋತಿದ್ದಳು.

"ಕನ್ನಡಕ ಹಾಕ್ಕೊಂಡಿರೋ ರಯ್ಯಿಸ್‌ನ ಎಲ್ಲಾದ್ರೂ ನೋಡಿದ್ದೀಯಾ?" ಎಂದು ಅವನು ಕೇಳುತ್ತಿದ್ದ.

"ಇಲ್ಲ. ಗೋಡೆಗೆ ಸಲಾಮು ಹೊಡ್ಯೋ ರಯ್ಯಿಸ್‌ನ ದಿನಾ ನೋಡ್ತಿದ್ದೀನಿ."

ವಿಷಯ ಬರೀ ಒಣಜಂಬದ್ದಲ್ಲ. ದೋಣಿಯ ಒಡೆಯ ಲಕ್ಸಾರಿನಲ್ಲಿ ಕೂತಿದ್ದ. ಅವನಿಗೊಬ್ಬ ಅಕ್ಕನ ಮಗನಿದ್ದ. ಆ ಅಕ್ಕನ ಮಗನಿಗೆ ಗಿಡುಗನ ಕಣ್ಣು, ಕೈಯಲ್ಲಿ ಪ್ರವಾಸೋದ್ಯಮದ ಡಿಪ್ಲೊಮಾ. "ಈ ಚಳಿಗಾಲ ದೋಣಿ ಕೈರೋದ ಮದಾಮ್ ಕೈಲಿರುತ್ತೆ, ರಯ್ಯಿಸ್. ಆಕೆಯಿಂದ ಒಂದೇ ಒಂದು ದೂರು ಬಂತು ಅಂದ್ರೆ ಚುಕ್ಕಾಣಿ ಹುಡುಗನಿಗೆ" ಎಂದು ಒಡೆಯ ಹೇಳಿ ಕಳಿಸಿದ್ದ. ಚುಕ್ಕಾಣಿ ಹೋಯಿತೆಂದರೆ ದರ್ದೀರಿ ಬೆಳಗಿನಿಂದ ಸಂಜೆಯವರೆಗೆ ಮನೆಯಲ್ಲಿ ರತೀಬಾಳ ಎದುರಿಗೆ ಕೂರಬೇಕಾಗುತ್ತದೆ. ಅದನ್ನು ನೆನೆದರೆ ಅವನಿಗಿಂತ ಹೆಚ್ಚಾಗಿ ರತೀಬಾಗೇ ಎದೆ ಧಸಕ್ಕೆನ್ನುತ್ತಿತ್ತು.

ಮದಾಮ್ ಶಾಹಿರಾ ಮೌನಯಾತ್ರೆ ನಡೆಸುವವಳು. ಕೈರೋದ ಗದ್ದಲದಲ್ಲಿ ತಲೆಕೆಟ್ಟ ಅನುಕೂಲಸ್ಥರನ್ನು ಕಟ್ಟಿಕೊಂಡು ಬಂದು, ಫೋನುಗಳನ್ನೆಲ್ಲ ಒಂದು ಬುಟ್ಟಿಗೆ ಹಾಕಿಸಿ, ನದಿಯ ಮೇಲೆ ಸುಮ್ಮನೆ ಕೂರಿಸುತ್ತಿದ್ದಳು. ಗುಡಿ ಬಂದಾಗ ಇಳಿಸಿ ಗುಡಿಯ ಮುಂದೆ ಸುಮ್ಮನೆ ಕೂರಿಸುತ್ತಿದ್ದಳು. ಸೂರ್ಯ ಹುಟ್ಟುವಾಗ ಒಂದು ಹಿತ್ತಾಳೆ ಗಂಟೆ ಬಾರಿಸಿದರೆ ಮಾತು ಬಂದ್. ಸೂರ್ಯ ಮುಳುಗುವಾಗ ಇನ್ನೊಮ್ಮೆ ಬಾರಿಸಿದರೆ ಮಾತು ಶುರು. ಸುಮ್ಮನಿರುವುದಕ್ಕೆ ಇಷ್ಟು ದೂರ ಬರಬೇಕೆ ಎಂದು ಅಡುಗೆಯ ಬಖೀತನಿಗೆ ಅನ್ನಿಸಿತ್ತು. ಅವನು ನೂಬಿಯಾದವನು, ಬಾಯಿ ಚುರುಕು. ಅವನಿಗೆ ಕೇಳುವುದಕ್ಕೂ ಅಪ್ಪಣೆಯಿರಲಿಲ್ಲ. ನಿಯಮ ಆಳುಗಳಿಗೂ ಅನ್ವಯಿಸುತ್ತಿತ್ತು.

"ದಡದೋರ ಹತ್ರ ಕೂಗಾಡೋದು, ಊಟಕ್ಕೆ ಕರ್ಯೋದು, ಯಾವ್ದೂ ಬೇಡ ರಯ್ಯಿಸ್. ನಮ್ಮೋರ ಧ್ಯಾನ ಕೆಡುತ್ತೆ" ಎಂದು ಮದಾಮ್ ಮೊದಲ ದಿನವೇ ಹೇಳಿದ್ದಳು.

"ಸಲಾಮು?"

"ಸಲಾಮೂ ಬೇಡ."

ದರ್ದೀರಿಯ ಬಾಯಿಗೆ ಬೀಗ ಬಿತ್ತು. ನದಿಯ ಮೇಲೆ ಸಲಾಮಿಲ್ಲದೆ ಹೋಗುವುದೆಂದರೆ ಅವನಿಗೆ ಮೈಮೇಲೆ ಬಟ್ಟೆಯಿಲ್ಲದೆ ಹೋದಷ್ಟು ಸಂಕೋಚ. ಮಾತಿಲ್ಲದ ಮೇಲೆ ಜನರ ಗುರುತು ಹಿಡಿಯುವುದಕ್ಕೆ ದನಿಯೂ ಇಲ್ಲದಂತಾಯಿತು. ಎಡ್ಫುವಿನ ಗುಡಿಯ ಬಾಗಿಲಲ್ಲಿ ನಿಂತ ಕಲ್ಲಿನ ಗಿಡುಗವನ್ನು ಪ್ರವಾಸಿ ಪೊಲೀಸಿನವರೆಂದುಕೊಂಡು ಬಗ್ಗಿ ನಮಸ್ಕರಿಸಿದ. ಅದರ ಪಕ್ಕದಲ್ಲೇ ಕಣ್ಣು ಮುಚ್ಚಿ ಕೂತಿದ್ದ ನಿವೃತ್ತ ನ್ಯಾಯಾಧೀಶರನ್ನು ವಿಗ್ರಹವೆಂದುಕೊಂಡು ಅವರ ಮಂಡಿಗೆ ಒರಗಿ ಬೆವರು ಒರೆಸಿಕೊಂಡ. ನ್ಯಾಯಾಧೀಶರು ನಿಯಮಕ್ಕೆ ಕಟ್ಟುಬಿದ್ದು ಏನೂ ಅನ್ನಲಿಲ್ಲ.

ಮಾರನೇ ದಿನ ಮಧ್ಯಾಹ್ನ ದೋಣಿ ಸಿಲ್ಸಿಲಾ ಬೆಟ್ಟದ ಹತ್ತಿರ ಬಂತು. ಅಲ್ಲಿ ಹಳದಿ ಬಂಡೆಯನ್ನು ಕೊರೆದು ಮಾಡಿದ ಚಿಕ್ಕ ಗುಡಿಗಳಿವೆ. ಅವುಗಳ ಒಳಗೆ ಹಳೆಯ ಕಾಲದ ದೊರೆಗಳೂ ದೇವರುಗಳೂ ಕೈ ಮಡಿಲಲ್ಲಿಟ್ಟುಕೊಂಡು ಸಾಲಾಗಿ ಕೂತಿದ್ದಾರೆ. ದೋಣಿಯ ಮೇಲಿನ ಅಟ್ಟದಲ್ಲಿ ಮದಾಮ್‌ನ ಅತಿಥಿಗಳೂ ಹಾಗೇ ಸಾಲಾಗಿ ಕೂತಿದ್ದರು. ಎರಡು ಸಾಲುಗಳೂ ಒಂದನ್ನೊಂದು ನೋಡುತ್ತಿದ್ದವು.

ಕೆಳಗೆ ಚುಕ್ಕಾಣಿಯ ಹತ್ತಿರ ಬಖೀತ ಆಳುಗಳ ಊಟದ ತಟ್ಟೆ ತಂದಿಟ್ಟ. ಹುರಿದ ಮೀನು, ಬಿಸಿಲಲ್ಲಿ ಉಬ್ಬಿಸಿದ ದಪ್ಪ ರೊಟ್ಟಿ, ಹಸಿ ಈರುಳ್ಳಿ, ಖಾರದ ಹಳೆ ಗಿಣ್ಣು. ದರ್ದೀರಿ ಬಿಸ್ಮಿಲ್ಲಾ ಎಂದು ತುಟಿಯಾಡಿಸಿ ತಲೆ ಎತ್ತಿದ. ದಡದಲ್ಲಿ ಬೆಳ್ಳಗೆ ಉದ್ದಕ್ಕೆ ಏನೋ ನಿಂತಿತ್ತು. ನಿಲುವಂಗಿ ತೊಟ್ಟ ಮನುಷ್ಯ. ಕೂಗಬಾರದು, ನಿಜ. ಕೈ ಆಡಿಸಬಾರದೆಂದು ಯಾರೂ ಹೇಳಿರಲಿಲ್ಲವಲ್ಲ. ದರ್ದೀರಿ ಎದೆಯ ಮೇಲೆ ಕೈಯಿಟ್ಟ, ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದ, ಆಮೇಲೆ ತೋಳನ್ನು ಅಗಲವಾಗಿ ಬೀಸಿ ತಟ್ಟೆ ತೋರಿಸಿದ. ಎಷ್ಟೋ ದಿನದಿಂದ ತಡೆದಿಟ್ಟುಕೊಂಡಿದ್ದ ಮರ್ಯಾದೆಯೆಲ್ಲ ಆ ಒಂದು ಬೀಸಿನಲ್ಲಿ ಹೊರಬಂತು.

ಅವನು ಕರೆದದ್ದು ಯಾರನ್ನು ಎಂದು ಅವನಿಗೆ ಗೊತ್ತಿರಲಿಲ್ಲ. ನಮಗೆ ಗೊತ್ತಾದರೆ ನಷ್ಟವಿಲ್ಲ. ಅವನು ಹಾಜಿ ಖಿನಾವಿ, ರತೀಬಾಳ ಅಣ್ಣ. ಇಡೀ ನೈಲ್ ದಡದಲ್ಲಿ ದರ್ದೀರಿ ಊಟಕ್ಕೆ ಕರೆಯದೆ ಬಿಟ್ಟಿದ್ದ ಏಕೈಕ ಮನುಷ್ಯ.

ಜಗಳದ ಮೂಲ ಹೇಳಿಬಿಡುತ್ತೇನೆ. ಆ ಸೀಮೆಯಲ್ಲಿ ಊಟಕ್ಕೆ ಕರೆದರೆ ಮೊದಲ ಸಲ ಬೇಡವೆನ್ನಬೇಕು. ಎರಡನೇ ಸಲವೂ ಬೇಡವೆನ್ನಬೇಕು. ಮೂರನೇ ಸಲ ಕರೆಯುವವನು "ನೀನು ಉಣ್ಣದೆ ಹೋದ್ರೆ ನನ್ನ ಹೆಂಡ್ತಿಗೆ ತಲಾಖು" ಎಂದು ಆಣೆಯಿಡಬೇಕು. ಒಳಗಿರುವ ಹೆಂಡತಿ ಅದನ್ನು ಕೇಳಿ ಇನ್ನೊಂದು ಬಟ್ಟಲು ತೆಗೆಯುತ್ತಾಳೆ, ಅಷ್ಟೆ. ಆಗ ಬಂದವನು ಒಬ್ಬರ ಸಂಸಾರ ಉಳಿಸಿದ ಸಮಾಧಾನದಲ್ಲಿ ಹೊಟ್ಟೆ ತುಂಬ ತಿನ್ನುತ್ತಾನೆ. ಎಷ್ಟೋ ವರ್ಷದ ಕೆಳಗೆ ದರ್ದೀರಿ ಭಾವನ ಮನೆಗೆ ಹೋಗಿದ್ದ. ಒಳಗೆ ಬಾತುಕೋಳಿ ಬೇಯುತ್ತಿತ್ತು. ಖಿನಾವಿ ಒಮ್ಮೆ ಕರೆದ, ದರ್ದೀರಿ ಬೇಡವೆಂದ. ಇನ್ನೊಮ್ಮೆ ಕರೆದ, ದರ್ದೀರಿ ಹೊಟ್ಟೆ ತುಂಬಿದೆಯೆಂದ. "ಹಾಗಾದ್ರೆ ಸರಿಯಪ್ಪ" ಎಂದುಬಿಟ್ಟ ಖಿನಾವಿ. ಮೂರನೇ ಸಲ ಕರೆಯಲೇ ಇಲ್ಲ. ದರ್ದೀರಿ ಬಾತುಕೋಳಿಯ ವಾಸನೆ ಕುಡಿದು, ಹಸಿದ ಹೊಟ್ಟೆಯಲ್ಲಿ ನದಿ ದಾಟಿ ಮನೆಗೆ ಬಂದ. ಅಂದಿನಿಂದ ಆ ಮನೆಯ ಹೊಸ್ತಿಲು ತುಳಿಯಲಿಲ್ಲ, ರತೀಬಾಳನ್ನೂ ಕಳಿಸಲಿಲ್ಲ. "ಹೊಟ್ಟೆ ತುಂಬಿದೆ ಅಂದ, ನಂಬಿದೆ. ನಂಬಿದ್ದೇ ತಪ್ಪಾ?" ಎಂದು ಖಿನಾವಿ ಊರೆಲ್ಲ ಕೇಳಿಕೊಂಡು ಬಂದ. ಈ ಪ್ರಶ್ನೆಯ ಮೇಲೆ ನಗಾ ಹಿಲಾಲ್ ಎಂಬ ಆ ಊರು ಎರಡು ಪಂಗಡವಾಗಿತ್ತು.

ದರ್ದೀರಿ ಆ ಊರು ದಾಟುವಾಗ ಯಾವಾಗಲೂ ಮುಖವನ್ನು ಆಚೆ ದಡಕ್ಕೆ ತಿರುಗಿಸುತ್ತಿದ್ದ. ಊರು ಬಂತೆಂದು ತಿಳಿಯುತ್ತಿದ್ದುದು ಖಿನಾವಿಯ ಡೀಸೆಲ್ ಪಂಪಿನ ಸದ್ದಿನಿಂದ. ಆ ಪಂಪು ಅರ್ಧ ಹರದಾರಿಯಿಂದಲೇ ಕೇಳುತ್ತಿತ್ತು. ಹೋದ ತಿಂಗಳು ಖಿನಾವಿ ಅದನ್ನು ಗುಜರಿಗೆ ಹಾಕಿ ಸೋಲಾರ್ ಪಂಪು ತಂದಿದ್ದ. ಅದು ಸದ್ದು ಮಾಡುವುದಿಲ್ಲ.

ಖಿನಾವಿ ಎದೆಯ ಮೇಲೆ ಕೈಯಿಟ್ಟು ತಲೆಯಾಡಿಸಿದ. ಬೇಡ. ಸರಿಯಾದ ಪದ್ಧತಿ.

ಇಲ್ಲಿಗೆ ಕೆಲಸ ಮುಗಿಯಬೇಕಿತ್ತು. ಆದರೆ ಅದೇ ಹೊತ್ತಿಗೆ ಗಾಳಿ ಕೈಕೊಟ್ಟಿತು. ಉಬ್ಬಿದ್ದ ಹಾಯಿ ಒಣಗಿಹಾಕಿದ ಹಚ್ಚಡದ ಹಾಗೆ ಇಳಿಬಿತ್ತು. ನೈಲ್ ನದಿ ತನ್ನ ಸ್ವಭಾವದಂತೆ ದೋಣಿಯನ್ನು ಹಿಂದಕ್ಕೆ ತಳ್ಳುತ್ತ, ದಡದ ಕಡೆಗೆ ಒತ್ತಿತು. ಕರೆದ ಮೇಲೂ ಎದುರಿಗೇ ಇರುವ ಅತಿಥಿಗೆ ಇನ್ನೊಮ್ಮೆ ಹೇಳದಿದ್ದರೆ ಹೇಗೆ? ದರ್ದೀರಿ ಎರಡನೇ ಸಲ ತೋಳು ಬೀಸಿದ. ದಡದವನು ಹೊಟ್ಟೆ ಸವರಿ ಕೈಯೆತ್ತಿದ. ತುಂಬಿದೆ. ದೋಣಿ ಇನ್ನೂ ಹತ್ತಿರ ಬಂತು. ಈಗ ಇಬ್ಬರ ನಡುವೆ ಒಂದು ಎಮ್ಮೆ ಅಡ್ಡ ನಿಲ್ಲುವಷ್ಟು ನೀರು ಮಾತ್ರ. ದರ್ದೀರಿ ಬೆವರಿದ. ಇಷ್ಟು ವರ್ಷದಲ್ಲಿ ಅವನು ಯಾರನ್ನೂ ಮೂರನೇ ಸಲ ಕರೆದಿರಲಿಲ್ಲ. ಗಾಳಿ ಅವಕಾಶವನ್ನೇ ಕೊಟ್ಟಿರಲಿಲ್ಲ. ಮೂರನೇ ಸಲವೂ ತೋಳು ಬೀಸಿದ. ದೋಣಿ ದಡಕ್ಕೆ ಮೆತ್ತಗೆ ತಾಗಿತು. ಆಳೊಬ್ಬ ಹಲಗೆ ಹಾಕಿದ. ದಡದ ಮನುಷ್ಯ ನಿಲುವಂಗಿಯ ಅಂಚು ಎತ್ತಿಕೊಂಡು ಹತ್ತಿಬಂದ.

"ಮಾತಾಡ್ಬೇಡಿ ಹಾಜಿ, ಇದು ಮೌನದ ದೋಣಿ, ಸೂರ್ಯ ಮುಳುಗೋವರೆಗೂ ಯಾರೂ ಮಾತಾಡಂಗಿಲ್ಲ" ಎಂದು ಆಳು ಅವನ ಕಿವಿಯಲ್ಲಿ ಉಸುರಿದ.

ಖಿನಾವಿ ತಲೆಯಾಡಿಸಿ ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಅವನ ಹಿಂದೆ ನೀರಿನ ಮೇಲಿನ ಬಿಸಿಲು ಧಗಧಗಿಸುತ್ತಿತ್ತು. ದರ್ದೀರಿಗೆ ಕಂಡದ್ದು ಒಂದು ಮುಂಡಾಸು, ಅದರ ಕೆಳಗೊಂದು ಕಪ್ಪು ಗುಂಡು, ಗುಂಡಿನೊಳಗೆ ನಿಧಾನಕ್ಕೆ ಮಾಯವಾಗುತ್ತಿರುವ ತನ್ನ ಮೀನು.

ಬಖೀತ ಇನ್ನಷ್ಟು ಈರುಳ್ಳಿ ತಂದವನು ಅಲ್ಲೇ ಕಲ್ಲಾದ. ರಯ್ಯಿಸ್ ಮತ್ತು ಅವನ ಭಾವ, ಒಂದೇ ತಟ್ಟೆಯಲ್ಲಿ. ಇಡೀ ಎಡ್ಫು ಸೀಮೆಯ ಹಿರಿಯರು ಸೇರಿ ಮಾಡಲಾಗದ್ದನ್ನು ರಯ್ಯಿಸ್ ಒಂದು ಮಾತೂ ಆಡದೆ ಮಾಡಿದ್ದ. ಬಖೀತನ ಕಣ್ಣು ತುಂಬಿತು. ಮಾತಾಡುವ ಹಾಗಿರಲಿಲ್ಲ. ಓಡಿಹೋಗಿ ಅತಿಥಿಗಳಿಗೆಂದು ಇಟ್ಟಿದ್ದ ಕುರಿಮಾಂಸದ ತಟ್ಟೆಯನ್ನೇ ತಂದು ಇಬ್ಬರ ನಡುವೆ ಇಟ್ಟ. ದರ್ದೀರಿಯ ಭುಜವನ್ನು ಭಕ್ತಿಯಿಂದ ಮುಟ್ಟಿ ಕಣ್ಣಿಗೊತ್ತಿಕೊಂಡ.

ದರ್ದೀರಿಗೆ ಅನುಮಾನ ಶುರುವಾಯಿತು. ಯಾವನೋ ದಾರಿಹೋಕನಿಗೆ ಮದಾಮ್‌ನ ಮಾಂಸವೇ? ಬಖೀತ ಈರುಳ್ಳಿಯ ಸಿಪ್ಪೆಯನ್ನೂ ಬಿಟ್ಟುಕೊಡುವವನಲ್ಲ.

ಅಷ್ಟರಲ್ಲಿ ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸೊಬ್ಬಳು ಇದನ್ನು ನೋಡಿದ್ದಳು. ಒಗೆಯುವ ಬಟ್ಟೆಯನ್ನು ನೀರಲ್ಲೇ ಬಿಟ್ಟು ಓಡಿದಳು. ಒಲೆ ಹಚ್ಚಿ ಬೇಯಿಸುವಷ್ಟು ಹೊತ್ತು ಕಳೆದ ಮೇಲೆ ಖಿನಾವಿಯ ಹೆಂಡತಿ ಸಕೀನಾ ಹಬೆಯಾಡುವ ಪಾರಿವಾಳದ ತಟ್ಟೆಯನ್ನು ತಲೆಯ ಮೇಲೆ ಹೊತ್ತು ಬಂದಳು. ಅವಳ ಹಿಂದೆ ಊರೇ ಬಂತು. ಸಕೀನಾ ನಾಲಗೆ ಹೊರಳಿಸಿ ಸಂತೋಷದ ಉಲಿ ಹಾಕಲು ಬಾಯಿ ತೆರೆದದ್ದೇ ತಡ, ಅಟ್ಟದ ಮೇಲಿಂದ ಮದಾಮ್ ತುಟಿಯ ಮೇಲೆ ಬೆರಳಿಟ್ಟು ತೋರಿಸಿದಳು. ಸಕೀನಾ ಬಾಯಿ ಮುಚ್ಚಿದಳು. ಇದು ಅಂಥಿಂಥ ರಾಜಿಯಲ್ಲ, ಕೈರೋದಿಂದ ದೊಡ್ಡವರನ್ನೇ ಸಾಕ್ಷಿಗೆ ಕರೆಸಿ ಮಾಡುತ್ತಿರುವ ರಾಜಿ ಎಂದು ಊರಿನವರಿಗೆ ಖಚಿತವಾಯಿತು. ಎರಡೂ ಪಂಗಡದವರು ದಡದ ಮೇಲೆ ಸದ್ದಿಲ್ಲದೆ ಕೂತರು.

ಊರಿನ ಮುಖ್ಯಸ್ಥ, ಉಮ್ದಾ, ಕತ್ತೆಯಿಂದ ಇಳಿದು ಬಂದ. ಎಲ್ಲರೂ ಎದ್ದು ನಿಂತರು. ಉಮ್ದಾ ಅಂಗೈಗಳನ್ನು ತೆರೆದು ತುಟಿಯಾಡಿಸಿ ಪ್ರಾರ್ಥನೆ ಮಾಡಿದ. ಎಲ್ಲರೂ ಹಾಗೇ ಮಾಡಿದರು.

ಜನ ಎದ್ದ ಸರಭರ ದರ್ದೀರಿಗೆ ಕೇಳಿಸಿತು. ದಾರಿಹೋಕನೊಬ್ಬ ಮೀನು ತಿನ್ನುವುದಕ್ಕೆ ಊರೆಲ್ಲ ಎದ್ದು ನಿಲ್ಲುವುದುಂಟೆ? ಅವನ ತಲೆಯಲ್ಲಿ ಒಮ್ಮೆಲೇ ಬೆಳಕಾಯಿತು, ಆ ಬೆಳಕಿನಲ್ಲಿ ಕಂಡದ್ದೆಲ್ಲ ತಪ್ಪಾಗಿತ್ತು. ಇವನು ಸರ್ಕಾರದವನು. ನದಿ ಸಾರಿಗೆಯ ತನಿಖಾಧಿಕಾರಿ. ರಯ್ಯಿಸ್‌ಗಳ ಕಣ್ಣು ಪರೀಕ್ಷೆ ಮಾಡಲು ವೇಷ ಮರೆಸಿಕೊಂಡು ದಡದಲ್ಲಿ ನಿಂತಿದ್ದವನನ್ನು ತಾನೇ ಕೈ ಬೀಸಿ ಕರೆದು ಕೂರಿಸಿಕೊಂಡಿದ್ದೇನೆ.

ಅಲ್ಲಿಂದ ಮುಂದೆ ಆ ಅತಿಥಿಗೆ ನಡೆದ ಉಪಚಾರವನ್ನು ವರ್ಣಿಸುವುದು ಕಷ್ಟ. ದರ್ದೀರಿ ಮುಳ್ಳು ಬಿಡಿಸಿ ಮೀನು ಕೊಟ್ಟ. ತಾನು ಕೂತಿದ್ದ ದಿಂಬು ಎಳೆದು ಅವನ ಬೆನ್ನಿಗೆ ಕೊಟ್ಟ. ಪಾರಿವಾಳದ ತೊಡೆ ಮುರಿದು ಬಾಯಿಯ ಹತ್ತಿರವೇ ಒಯ್ದ, ಅದು ಒಂದು ಸಲ ಮುಂಡಾಸಿಗೆ ತಗುಲಿತು. ದಡದ ಮೇಲೆ ಹೆಂಗಸರು ಕಣ್ಣೊರೆಸಿಕೊಂಡರು. ಭಾವನಿಗೆ ಕೈಯಾರೆ ತುತ್ತು ಕೊಡುತ್ತಿದ್ದಾನೆ, ನೋಡಿ ಎಂದು ಒಬ್ಬರಿಗೊಬ್ಬರು ಮೊಣಕೈ ತಿವಿದರು.

ಚಹಾ ಬಂತು. ಬಖೀತ ಸಕ್ಕರೆ ಚಮಚ ಹಿಡಿದು ಎಷ್ಟು ಎಂಬಂತೆ ಹುಬ್ಬೇರಿಸಿದ. ಖಿನಾವಿ ಎರಡು ಬೆರಳೆತ್ತಿದ. ದರ್ದೀರಿಯ ಜೀವ ಬಾಯಿಗೆ ಬಂತು. ಬಂತು ಪರೀಕ್ಷೆ. ಅವನು ಮುಂದಕ್ಕೆ ಬಾಗಿ, ಕಣ್ಣು ಕಿರಿದು ಮಾಡಿ, ಉಸಿರು ಬಿಗಿಹಿಡಿದು ನೋಡಿದ. ಎರಡು. ಹೌದು, ಎರಡೇ. ತಾನೂ ಗಂಭೀರವಾಗಿ ಎರಡು ಬೆರಳೆತ್ತಿ ತೋರಿಸಿದ. ಬಖೀತ ಅವನ ಲೋಟಕ್ಕೂ ಎರಡು ಚಮಚ ಹಾಕಿದ. ಅಧಿಕಾರಿ ತಲೆಯಾಡಿಸಿದ. ದರ್ದೀರಿ ಹಣೆಯ ಬೆವರು ಒರೆಸಿಕೊಂಡು, ಪಾಸಾದ ಸಮಾಧಾನದಲ್ಲಿ ಚಹಾ ಗುಟುಕರಿಸಿದ.

ಇಷ್ಟು ಹೊತ್ತಿಗೆ ಅಟ್ಟದ ಮೇಲಿನವರೆಲ್ಲ ಒಬ್ಬೊಬ್ಬರಾಗಿ ಇಳಿದು ಬಂದು ಸುತ್ತ ಕೂತಿದ್ದರು. ಇಬ್ಬರು ಮುದುಕರು ಮಾತಿಲ್ಲದೆ ಉಣ್ಣುವುದನ್ನು, ಒಂದು ಇಡೀ ಊರು ಮಾತಿಲ್ಲದೆ ಅದನ್ನು ನೋಡುವುದನ್ನು ಅವರು ಕೈರೋದಲ್ಲಿ ಕಂಡಿರಲಿಲ್ಲ. ನ್ಯಾಯಾಧೀಶರು ಕನ್ನಡಕ ತೆಗೆದು ಒರೆಸಿದರು. ಎದುರಿನ ಬಂಡೆಗುಡಿಯಲ್ಲಿ ಕಲ್ಲಿನ ದೊರೆಗಳು ಎಂದಿನಂತೆ ಕೂತಿದ್ದರು. ಬಿಸಿಲು ಕೆಂಪಾಯಿತು, ನೀರು ಕೆಂಪಾಯಿತು, ಬೆಟ್ಟದ ನೆರಳು ದೋಣಿಯ ಮೇಲೆ ಬಂತು. ಮದಾಮ್ ಗಂಟೆ ಬಾರಿಸಿದಳು.

ದರ್ದೀರಿ ಗಂಟಲು ಸರಿಮಾಡಿಕೊಂಡ. ಸರ್ಕಾರಿ ಮನುಷ್ಯನ ಹತ್ತಿರ ಮೊದಲ ಮಾತು ಚೆನ್ನಾಗಿರಬೇಕು.

"ಸಾಹೇಬ್ರು ದೊಡ್ಡ ಮನಸ್ಸು ಮಾಡಿ ನಮ್ಮ ಬಡವರ ತಟ್ಟೆಗೆ ಕೈ ಹಾಕಿದ್ರಿ. ನಮ್ಮ ಅದೃಷ್ಟ."

ಎದುರಿನವನ ಲೋಟ ಬಾಯಿಯ ಹತ್ತಿರವೇ ನಿಂತಿತು.

"ಈ ದನಿ" ಎಂದ ಖಿನಾವಿ.

 ಆ ದನಿಯನ್ನು ದರ್ದೀರಿ ಸಾವಿರ ಪಂಪಿನ ಸದ್ದಿನ ನಡುವೆಯೂ ಗುರುತಿಸಬಲ್ಲ. "ಹಾಗಾದ್ರೆ ಸರಿಯಪ್ಪ" ಎಂದು ತನ್ನನ್ನು ಹಸಿದ ಹೊಟ್ಟೆಯಲ್ಲಿ ಕಳಿಸಿದ ದನಿ ಅದು. ಅವನು ಏಳಬೇಕೆಂದುಕೊಂಡ. ಎದ್ದು, ಇವನನ್ನು ನಾನು ಕರೆದೇ ಇಲ್ಲ ಎನ್ನಬೇಕು. ಹಾಗಂದರೆ ಎದುರಿಗೆ ಕೂತ ಹೆಂಡತಿಯ ಅಣ್ಣನ ಮುಖ ಮಧ್ಯಾಹ್ನದಿಂದ ಸಂಜೆಯವರೆಗೆ ಕಾಣಲಿಲ್ಲವೇ ಎಂದು ಕೇಳುತ್ತಾರೆ. ಮದಾಮ್ ಇಲ್ಲೇ ನಿಂತಿದ್ದಾಳೆ. ಚುಕ್ಕಾಣಿ ನಾಳೆ ಬೆಳಿಗ್ಗೆಯೇ ಡಿಪ್ಲೊಮಾದ ಕೈಗೆ. ದರ್ದೀರಿ ಎದ್ದವನು ಹಾಗೇ ಬಾಗಿ ಭಾವನ ಹಣೆಗೆ ಮುತ್ತಿಡಲು ಹೋದ. ವಿಚಿತ್ರವೆಂದರೆ ಖಿನಾವಿಯೂ ಅದೇ ಕ್ಷಣದಲ್ಲಿ ಎದ್ದಿದ್ದರಿಂದ ಇಬ್ಬರ ತಲೆಗಳೂ ಢೀ ಹೊಡೆದವು.

ಸಕೀನಾ ಮಧ್ಯಾಹ್ನದಿಂದ ಹಿಡಿದಿಟ್ಟುಕೊಂಡಿದ್ದ ಉಲಿ ಹೊರಬಂತು. ಊರಿನ ಹೆಂಗಸರೆಲ್ಲ ದನಿಗೂಡಿಸಿದರು.

"ಭಾವನ್ನ ಕರ್ಯೋದು ಅಂತ ಯಾವಾಗ ತೀರ್ಮಾನ ಮಾಡಿದ್ರಿ ರಯ್ಯಿಸ್?" ಎಂದು ಉಮ್ದಾ ಕೇಳಿದ.

"ಮನಸ್ಸಲ್ಲಿತ್ತು" ಎಂದ ದರ್ದೀರಿ. "ಗಾಳಿಗೆ ಕಾಯ್ತಿದ್ದೆ."

ಮದಾಮ್ ಶಾಹಿರಾಳ ಮುಖ ಅರಳಿತ್ತು. "ಇಂಥದ್ದು ನಾನು ಎಲ್ಲೂ ನೋಡಿಲ್ಲ. ಪ್ರತಿ ಯಾತ್ರೇಲೂ ಇದನ್ನ ಇಟ್ಕೊಳ್ಳೋಕಾಗುತ್ತಾ?"

"ಪ್ರತಿ ಸಲ ಹೊಸ ಭಾವನ್ನ ಎಲ್ಲಿಂದ ತರ್ಲಿ ಮದಾಮ್?"

ಬಖೀತ ಆಗಲೇ ಬುಟ್ಟಿಯಿಂದ ಫೋನು ತೆಗೆದು ರತೀಬಾಗೆ ಸುದ್ದಿ ಮುಟ್ಟಿಸಿದ್ದ. ಫೋನನ್ನು ದರ್ದೀರಿಯ ಕಿವಿಗೆ ಹಿಡಿದ.

"ನಿಜಾನಾ?" ಎಂದಳು ರತೀಬಾ. ಅವಳ ದನಿ ಅವಳದಾಗಿರಲಿಲ್ಲ. "ನೀನೇ ಕರ್ದ್ಯಾ? ಮೂರು ಸಲ ಕರ್ದ್ಯಂತೆ?"

ದರ್ದೀರಿ ಫೋನನ್ನು ಕಿವಿಗೆ ಒತ್ತಿಕೊಂಡ. "ಹೂಂ, ಮೂರು ಸಲ."

ಆ ಕಡೆಯಿಂದ ಅಳು ಕೇಳಿಸಿತು. ಅಷ್ಟು ವರ್ಷದಲ್ಲಿ ಅವಳು ತವರಿನ ಹೆಸರೆತ್ತಿ ಒಂದು ಸಲವೂ ಅತ್ತಿರಲಿಲ್ಲ. ಅಳದಿದ್ದುದು ದುಃಖವಿಲ್ಲದ್ದಕ್ಕೇ ಎಂದು ದರ್ದೀರಿ ಅಂದುಕೊಂಡಿದ್ದ. ಅವನಿಗೆ ತನ್ನ ಮೇಲೇ ನಾಚಿಕೆಯಾಯಿತು.

ಜನ ಕರಗಿ, ದೀಪ ಹಚ್ಚಿದ ಮೇಲೆ ಇಬ್ಬರೂ ಚುಕ್ಕಾಣಿಯ ಹತ್ತಿರ ಕೂತರು.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡ" ಎಂದ ಖಿನಾವಿ. "ದಡದಲ್ಲಿ ನಿಂತಿದ್ದೋನು ನಾನೇ ಅಂತ ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಕರೀತಾರಾ ಭಾವ? ನಿಂಗೆ? ಚುಕ್ಕಾಣೀಲಿರೋನು ನಾನೇ ಅಂತ?"

"ನೋಡಿದ ತಕ್ಷಣ ಗೊತ್ತಾಯ್ತು. ಅದಕ್ಕೇ ಬಂದೆ."

ಹೀಗೆಂದು ಖಿನಾವಿ ಘನತೆಯಿಂದ ಲೋಟವನ್ನು ತಟ್ಟೆಯ ಮೇಲಿಟ್ಟ. ತಟ್ಟೆ ಇನ್ನೂ ಈಚೆಗಿತ್ತು. ಲೋಟ ಬುಳಕ್ಕೆಂದು ನದಿಗೆ ಬಿತ್ತು.

ಇಬ್ಬರೂ ಆ ಸದ್ದನ್ನು ಕೇಳಿದರು.

"ಎಷ್ಟು ದಿನ ಆಯ್ತು?" ಎಂದು ದರ್ದೀರಿ ಮೆತ್ತಗೆ ಕೇಳಿದ.

"ಎರಡು ಚಳಿಗಾಲ. ನಿಂಗೆ?"

"ಮೂರು."

"ಸಕೀನಾಗೆ ಹೇಳ್ಬೇಡ. ಆಸ್ಪತ್ರೆಗೆ ಎಳ್ಕೊಂಡು ಹೋಗ್ತಾಳೆ. ನಂಗೆ ಕಣ್ಣಿಗೆ ಸೂಜಿ ಅಂದ್ರೆ..." ಖಿನಾವಿ ನಡುಗಿದ. "ಯಾರೋ ಅಸ್ವಾನ್‌ನೋನು ಕರೀತಾನೆ ಅಂದ್ಕೊಂಡೆ ಕಣಪ್ಪ. ಮನೇಲಿ ಬೆಳಿಗ್ಗೆಯಿಂದ ಸಕೀನಾ ಮುನಿಸ್ಕೊಂಡು ಒಲೆ ಹಚ್ಚಿರ್ಲಿಲ್ಲ. ನಿನ್ನ ಕಡೆಯಿಂದ ಮೀನು ಹುರಿದ ವಾಸ್ನೆ ಬಂತು. ಪಾರಿವಾಳ ಬಾಯಿಗಿಟ್ಟಾಗ ಇದು ನಮ್ಮ ಸಕೀನಾ ಕೈ ರುಚಿ ಇದ್ದಂಗಿದೆಯಲ್ಲ ಅನ್ನಿಸ್ತು. ಆಗ್ಲೂ ಹೊಳೀಲಿಲ್ಲ. ಸುತ್ತ ಅಷ್ಟು ಜನ ಸುಮ್ನೆ ಕೂತಿದ್ರಲ್ಲ, ಯಾರೋ ಮಂತ್ರಿ ಎದುರಿಗೆ ಕೂತಿದ್ದೀನಿ ಅಂದ್ಕೊಂಡೆ."

"ಆ ಎರಡು ಬೆರಳು?"

"ಯಾವ ಬೆರಳು? ಸಕ್ಕರೆನಾ?"

ದರ್ದೀರಿಗೆ ನಗು ಬಂತು. ಖಿನಾವಿಗೂ ಬಂತು. ಬಖೀತ ದೂರದಿಂದ ನೋಡಿ, ಹಳೇ ಕಾಲದ್ದೆಲ್ಲ ನೆನೆಸ್ಕೋತಿದ್ದಾರೆ ಪಾಪ, ಎಂದುಕೊಂಡ. ನಕ್ಕು ಮುಗಿದ ಮೇಲೆ ಇಬ್ಬರೂ ಒಂದೇ ವಿಷಯ ಯೋಚಿಸಿದರು, ಯಾರೂ ಬಾಯಿ ಬಿಡಲಿಲ್ಲ. ಅತಿಥಿಗಳು ಅಸ್ವಾನಿನಲ್ಲಿ ಇಳಿದು ಕೆಲವು ದಿನ ಅಲ್ಲಿನ ಗುಡಿಗಳ ಮುಂದೆ ಕೂರುತ್ತಾರೆ. ದೋಣಿಗೆ ಕೆಲಸವಿರುವುದಿಲ್ಲ. ಆಸ್ಪತ್ರೆ ಅಲ್ಲೇ ಇದೆ. ಒಬ್ಬನೇ ಹೋಗಲು ಇಬ್ಬರಿಗೂ ಧೈರ್ಯವಿಲ್ಲ.

ಆ ರಾತ್ರಿ ನಗಾ ಹಿಲಾಲಿನವರು ಸಂತೋಷಕ್ಕೆ ಡೋಲು ಬಡಿದರು. ಬೆಳಗಾಗುವ ಮುಂಚೆ ಮದಾಮ್ ಕೆಂಪಾದ ಕಣ್ಣಿನಲ್ಲಿ ಕೆಳಗಿಳಿದು ಬಂದಳು.

"ಬಹಳ ಚೆನ್ನಾಗಿತ್ತು ರಯ್ಯಿಸ್, ಸಾಕು. ನಮ್ಮೋರಿಗೆ ನಿದ್ದೆಯಿಲ್ಲ. ಇವತ್ತು ಗಂಟೆ ಆದ್ಮೇಲೆ ಸಿಬ್ಬಂದಿ ಕಡೆಯಿಂದ ಒಂದು ಮಾತು ಬಂದ್ರೂ ನಾನು ಲಕ್ಸಾರ್‌ಗೆ ಫೋನು ಮಾಡ್ಬೇಕಾಗುತ್ತೆ."

ದರ್ದೀರಿ ಆಗಲೆಂದ. ಉತ್ತರದ ಗಾಳಿ ಎದ್ದಿತ್ತು. ಹಾಯಿ ಬಿಚ್ಚಿದರು. ದಡದಲ್ಲಿ ಖಿನಾವಿ ಬೀಳ್ಕೊಡಲು ನಿಂತಿದ್ದ, ಅವನ ಹಿಂದೆ ಅರ್ಧ ಊರು.

"ಅಸ್ವಾನ್‌ವರೆಗೂ ಬಾ ಭಾವ" ಎಂದ ದರ್ದೀರಿ. "ನಾಲ್ಕು ದಿನ ಇದ್ದು ಬರೋಣ."

"ಬೇಡಪ್ಪ. ಕಬ್ಬಿಗೆ ನೀರು ಕಟ್ಬೇಕು."

"ಸೋಲಾರ್ ಪಂಪು ತಾನೇ ಕಟ್ಕೊಳ್ಳುತ್ತೆ. ಬಾ."

"ಇಲ್ಲ ಇಲ್ಲ. ನೀನು ಹೋಗಿ ಬಾ."

ಎರಡಾಯಿತು. ದರ್ದೀರಿ ಉಸಿರೆಳೆದುಕೊಂಡ. ಅಷ್ಟರಲ್ಲಿ ಆಚೆ ದಡದ ಬಂಡೆಗಳ ಮೇಲೆ ಸೂರ್ಯ ಇಣುಕಿದ, ಅಟ್ಟದ ಮೇಲೆ ಗಂಟೆ ಬಾರಿಸಿತು.

ಮಾತು ಬಂದ್.

ಹಲಗೆ ಎಳೆದರು. ದೋಣಿ ಮೆಲ್ಲಗೆ ದಡ ಬಿಟ್ಟಿತು. ದರ್ದೀರಿ ತೋಳು ಬೀಸಿದ. ದಡದ ಮೇಲಿದ್ದ ಅಷ್ಟು ಕಣ್ಣುಗಳಲ್ಲಿ, ಎದುರು ಬಿಸಿಲಿಗೆ ಅದು ಕಾಣದೆ ಹೋದದ್ದು ಕಾಣಲೇಬೇಕಾಗಿದ್ದ ಎರಡು ಕಣ್ಣುಗಳಿಗೆ ಮಾತ್ರ. ಖಿನಾವಿ ಅಲುಗಾಡದೆ ನಿಂತೇ ಇದ್ದ. ಹೋಗು ಎನ್ನಲೂ ಇಲ್ಲ, ಕೈ ಎತ್ತಲೂ ಇಲ್ಲ. ಸುಮ್ಮನೆ ಕಾಯುತ್ತಿದ್ದ. ಆಗ ಗಾಳಿಯಲ್ಲಿ ಬಿಸಿ ರೊಟ್ಟಿಯ ವಾಸನೆ ಬಂತು. ಒಂದೆರಡು ರೊಟ್ಟಿಯದಲ್ಲ, ದಾರಿಗೆಂದು ಕಟ್ಟಿದ ಗಂಟಿನ ವಾಸನೆ. ಬೀಳ್ಕೊಡಲು ಬಂದವನು ನಿಲುವಂಗಿಯೊಳಗೆ ದಾರಿಬುತ್ತಿ ಬಚ್ಚಿಟ್ಟುಕೊಂಡು ಬರುವುದಿಲ್ಲ. ಬಾತುಕೋಳಿಯ ವಾಸನೆ ಕುಡಿದು ಹೊಸ್ತಿಲಲ್ಲಿ ಕಾಯುತ್ತ ನಿಂತಿದ್ದ ತನ್ನ ನೆನಪು ದರ್ದೀರಿಗೆ ಬಂತು. ಮೂರನೇ ಮಾತಿಗೆ ಕಾಯುವುದು ಎಷ್ಟು ಕಷ್ಟವೆಂದು ಆ ಸೀಮೆಯಲ್ಲಿ ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಚುಕ್ಕಾಣಿಯನ್ನು ಒಮ್ಮೆ ಗಟ್ಟಿಯಾಗಿ ಹಿಡಿದುಕೊಂಡ. ಆಮೇಲೆ ಬಿಟ್ಟ. ಎದ್ದು ನಿಂತು, ನದಿಯ ಎರಡೂ ದಡಕ್ಕೆ ಕೇಳುವಂತೆ ಕೂಗಿದ.

"ಖಿನಾವಿ, ನೀನು ಈಗ ದೋಣಿ ಹತ್ತಲಿಲ್ಲ ಅಂದ್ರೆ ರತೀಬಾಗೆ ತಲಾಖು, ಮೂರು ಸಲ ತಲಾಖು!"

ಬಂಡೆಗುಡಿಗಳು ಅದನ್ನು ಇನ್ನೊಮ್ಮೆ ಹೇಳಿದವು. ಮೇಲೆ ಸಾಲಾಗಿ ಮುಚ್ಚಿದ್ದ ಕಣ್ಣುಗಳೆಲ್ಲ ತೆರೆದವು. ಬಖೀತ ತಲೆಯ ಮೇಲೆ ಕೈ ಹೊತ್ತು ಕೂತ. ಮದಾಮ್ ಶಾಹಿರಾ ಅಟ್ಟದ ಕಟಕಟೆಗೆ ಬಂದು ನಿಂತಳು. ಅವಳ ಬೆರಳು ಅಭ್ಯಾಸಬಲದಿಂದ ತುಟಿಯ ಮೇಲೆ ಹೋಯಿತು. ದಡದಲ್ಲಿ ಆಗಲೇ ಮೊಣಕಾಲುದ್ದ ನೀರಿಗಿಳಿದು, ಗಂಟನ್ನು ತಲೆಯ ಮೇಲೆ ಹಿಡಿದು, ಎತ್ತ ನಡೆಯಬೇಕೆಂದು ತಿಳಿಯದೆ ನಿಂತಿದ್ದ ಮುದುಕನನ್ನು ನೋಡಿದಳು. ಬೆರಳು ತುಟಿಯಿಂದ ಕೆಳಗಿಳಿಯಿತು. ಆಮೇಲೆ ಅವಳು ಎದೆಯ ಮೇಲೆ ಕೈಯಿಟ್ಟು, ಬೆರಳು ಕೂಡಿಸಿ ಬಾಯಿಯ ಹತ್ತಿರ ತಂದು, ನಿನ್ನೆ ನೋಡಿ ಕಲಿತ ಹಾಗೆ ತೋಳನ್ನು ಅಗಲವಾಗಿ ಬೀಸಿದಳು. ಆಳುಗಳು ಹಲಗೆ ಚಾಚಿದರು.

ಖಿನಾವಿ ಒದ್ದೆ ನಿಲುವಂಗಿ ಹಿಂಡಿಕೊಳ್ಳುತ್ತ ತಡವರಿಸಿ ಬಂದು ಚುಕ್ಕಾಣಿಯ ಪಕ್ಕ ಕೂತ. ರೊಟ್ಟಿಯ ಗಂಟನ್ನು ದರ್ದೀರಿಯ ಮಡಿಲಿಗೆ ಹಾಕಿದ. ದೋಣಿ ನಡುನೀರಿಗೆ ಬಂದ ಮೇಲೆ ಅವನ ಕಿವಿಯ ಹತ್ತಿರ ಬಾಗಿ, ನಿಯಮ ಮುರಿಯದಷ್ಟು ಮೆತ್ತಗೆ ಹೇಳಿದ.

"ನಾನು ಬರೋನೇ ಅಲ್ಲ. ಏನ್ಮಾಡ್ಲಿ, ತಂಗಿ ಸಂಸಾರ ಉಳೀಬೇಕಲ್ಲ."